ಬಂಡೆ ಬಿಡುವ ಹೊತ್ತು

ನಾನು ನಿಂತಿದ್ದದ್ದು ಪ್ರಾಣಿಶಾಸ್ತ್ರದ ಕೋಣೆಯ ಬಾಗಿಲಿನ ಒಳಗೆ, ಎಡಗಡೆ, ಗಾಜಿನ ಕಪಾಟಿಗೆ ಭುಜ ತಾಗುವಷ್ಟು ಹತ್ತಿರ. ಬೇಸಿಗೆ ರಜೆ ಮುಗಿದು ಕಾಲೇಜು ತೆರೆದ ಮೊದಲ ಸೋಮವಾರ. ಬೆಳಗಿನ ಹತ್ತೂವರೆ ದಾಟಿತ್ತು. ಮಡಿಕೇರಿಯಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕೊಡಗು ಆಗ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ನನ್ನಿಂದ ಐದು ಹೆಜ್ಜೆ ಆಚೆ, ಮೇಜಿನ ಹಿಂದೆ ನಮ್ಮ ಮೇಷ್ಟ್ರು ನಿಂತಿದ್ದರು. ಅವರ ಎರಡೂ ಅಂಗೈ ಮೇಜಿನ ಮೇಲಿದ್ದವು.

ಆ ಕೈಗಳನ್ನು ಒಮ್ಮೆ ಕಂಡವರು ಮರೆಯುತ್ತಿರಲಿಲ್ಲ. ವರ್ಷಗಟ್ಟಲೆ ಫಾರ್ಮಲಿನ್ ಜಾಡಿಗಳೊಳಗೆ ಆಡಿದ ಬೆರಳುಗಳು. ತುದಿಗಳು ಬಹಳ ಹೊತ್ತು ನೀರಿನಲ್ಲಿ ನೆನೆದವರ ಬೆರಳಿನಂತೆ ಬಿಳಿಚಿ ಸುಕ್ಕುಗಟ್ಟಿದ್ದವು, ಉಗುರಿನ ಬುಡ ಹಳದಿಯಾಗಿತ್ತು. ಅಂದು ಅವು ನಡುಗಲಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ. ಅವರ ಮುಖ ನೋಡಲಾರದೆ ಅಷ್ಟು ಹೊತ್ತೂ ನಾನು ಕೈಗಳನ್ನೇ ನೋಡುತ್ತಿದ್ದೆ.

ಆ ಕೋಣೆಯಲ್ಲಿ ನಡೆದದ್ದನ್ನು ಹೇಳುವ ಮೊದಲು ಅವರು ಎಂಥವರೆಂದು ಹೇಳಬೇಕು.

ಅವರು ದೇವಸ್ಥಾನದ ಊರೊಂದರ ಅರ್ಚಕರ ಮನೆಯವರು. ಅಣ್ಣ ಪೂಜೆ ಮಾಡುತ್ತಿದ್ದರು. ತಮ್ಮನಾದ ಇವರು ಏಡಿ, ಸಿಗಡಿ, ಮೀನು ಕೊಯ್ದು ಪಾಠ ಹೇಳುತ್ತಿದ್ದರು. ರಜೆಗೆ ಊರಿಗೆ ಹೋದರೆ ಬಚ್ಚಲಿನ ಕಡೆಯ ಬಾಗಿಲಿನಿಂದಲೇ ಒಳಗೆ ಬರಬೇಕೆಂದು ತಾಯಿಯ ಕಟ್ಟಪ್ಪಣೆ. ಅದನ್ನು ಅವರೇ ನಗುತ್ತ ಹೇಳುತ್ತಿದ್ದರು: "ಅಣ್ಣ ದೇವರನ್ನ ಮುಟ್ಟೋ ಮೊದಲು ಸ್ನಾನ ಮಾಡ್ತಾನೆ, ನಾನು ಮೀನು ಮುಟ್ಟಿದ ಮೇಲೆ ಮಾಡ್ತೇನೆ. ಒಟ್ಟಿನಲ್ಲಿ ನಮ್ಮ ಮನೆ ಬಾವಿಗೆ ಬಿಡುವಿಲ್ಲ."

ಓದುವ ಕಾಲದಲ್ಲಿ ಅವರು ಒಂದು ಬೇಸಿಗೆಯನ್ನು ಸಮುದ್ರದ ದಡದ ಸಂಶೋಧನಾ ಕೇಂದ್ರವೊಂದರಲ್ಲಿ ಕಳೆದಿದ್ದರಂತೆ. ಆರು ವಾರ, ಅಷ್ಟೇ. ಆಮೇಲೆ ಮಡಿಕೇರಿಗೆ ಬಂದು ಮೇಷ್ಟ್ರಾದರು. ಸಮುದ್ರ ಘಟ್ಟದ ಕೆಳಗೇ ಉಳಿಯಿತು. ಆದರೆ ಪ್ರತಿ ವರ್ಷ ಎರಡನೇ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯಲ್ಲಿ ಕರಾವಳಿಯ ಒಂದು ಕೇಂದ್ರಕ್ಕೆ ಕಳಿಸುತ್ತಿದ್ದರು. ಅದಕ್ಕಾಗಿ ಹೊಸ ಬೆಳೆಯ ಪುತ್ತರಿ ಹಬ್ಬ ಮುಗಿದಂದಿನಿಂದಲೇ ಪತ್ರ ಬರೆಯಲು ಶುರುಮಾಡುತ್ತಿದ್ದರು. ಅಲ್ಲಿ ನಾವು ವಿಜ್ಞಾನಿಗಳ ಕೈಕೆಳಗೆ ನಿಂತು ಸಮುದ್ರದ ನೀರಿನ ಶಾಖ ಅಳೆಯಬೇಕು, ಬಲೆಗೆ ಬಂದದ್ದನ್ನು ವಿಂಗಡಿಸಬೇಕು, ಬಂಡೆಗೆ ಅಂಟಿದ ಚಿಪ್ಪುಜೀವಿಗಳನ್ನು ಎಣಿಸಬೇಕು.

ಅಟೆಂಡರ್ ಕೊರಗಪ್ಪನಿಗೆ ಇದೊಂದು ತಮಾಷೆ. ಅವನು ಕರಾವಳಿಯವನು. "ಕೆಳಗಿನವರು ಕೆಲಸ ಹುಡುಕಿ ಘಟ್ಟ ಹತ್ತುವುದು, ನಿಮ್ಮ ಮಕ್ಕಳು ಚಿಪ್ಪು ಎಣಿಸ್ಲಿಕ್ಕೆ ಘಟ್ಟ ಇಳಿಯುವುದು. ಎಂಥದು ಮಾರಾಯ್ರೆ ಇದು" ಎನ್ನುತ್ತಿದ್ದ.

ಹೋದವರು ಹಿಂದಿರುಗುವಾಗ ಒಂದು ಬಾಟಲಿ ಸಮುದ್ರದ ನೀರು ತರಬೇಕೆಂಬುದು ನಿಯಮ. ಕಾಲೇಜು ತೆರೆದ ಮೊದಲ ತರಗತಿಯಲ್ಲಿ ಮೇಷ್ಟ್ರು ಆ ನೀರನ್ನು ಸಾಲಾಗಿ ನಿಂತ ನಮ್ಮ ಅಂಗೈಗೆ ಒಂದೊಂದು ಹನಿ ಬಿಡುತ್ತಿದ್ದರು. ಅರ್ಚಕರ ಮನೆಯ ಕೈಯಲ್ಲವೇ. ಹನಿ ಬೀಳುವ ರೀತಿ ತೀರ್ಥದಂತೆಯೇ ಇರುತ್ತಿತ್ತು. ಯಾರಾದರೂ ಅಭ್ಯಾಸಬಲದಿಂದ ನೆಕ್ಕಿ ತಲೆಗೆ ಒರೆಸಿಕೊಂಡರೆ ಸಾಕು, "ಪುಣ್ಯ ಬರೋದಿಲ್ಲ ಕಣಯ್ಯ, ಉಪ್ಪು ಬರ್ತದೆ" ಎನ್ನುತ್ತಿದ್ದರು. ಸಮುದ್ರವನ್ನೇ ನೋಡದ ಎಷ್ಟೋ ಮಕ್ಕಳು ಕೊಡಗಿನಲ್ಲಿ ಅದರ ರುಚಿ ಕಂಡದ್ದು ಹಾಗೆ.

ಅವರ ಇನ್ನೊಂದು ಪಾಠವನ್ನೂ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಮೊದಲ ವರ್ಷ ನಾನು ಗದ್ದೆಯ ಏಡಿಯ ಚಿತ್ರ ಬರೆದು ತೋರಿಸಿದೆ.

"ಎಷ್ಟು ಕಾಲು?" ಎಂದರು.

"ಹತ್ತು ಸಾರ್."

"ತಟ್ಟೇಲಿರೋದನ್ನ ಎಣಿಸು."

ಎಣಿಸಿದೆ. ಒಂಬತ್ತಿತ್ತು. ಒಂದು ಎಲ್ಲೋ ಮುರಿದುಹೋಗಿತ್ತು.

"ಹತ್ತನೇದು ಎಲ್ಲಿಂದ ಬಂತು? ಪುಸ್ತಕದಿಂದ. ಪುಸ್ತಕ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದ್ರೆ ಕಣ್ಣನ್ನ ನಂಬು."

ಎರಡು ವರ್ಷದಲ್ಲಿ ಈ ಮಾತನ್ನು ಅವರಿಂದ ನೂರು ಸಲ ಕೇಳಿರಬಹುದು. ನಾನು ಅದನ್ನು ನಂಬಿದೆ.

ನಮ್ಮ ವರ್ಷ ಆಯ್ಕೆಯಾದವರು ನಾನು ಮತ್ತು ಪೂವಯ್ಯ. ನಾನು ನಾಪೋಕ್ಲಿನವನು, ನಮ್ಮ ಗದ್ದೆ ಕಾವೇರಿಯ ದಂಡೆಯಲ್ಲಿ. ಪೂವಯ್ಯ ಹುದಿಕೇರಿಯವನು, ನಿವೃತ್ತ ಸುಬೇದಾರರ ಮಗ. ಜುಲೈಯಲ್ಲಿ ನಡೆಯಲಿದ್ದ ಸೈನ್ಯದ ಆಯ್ಕೆಗೆ ಅವನಿಗೆ ಕರೆ ಬಂದಿತ್ತು. ಅವನ ಮನೆಯಲ್ಲಿ ಅದು ಆಗಿಯೇ ಹೋದ ಮಾತು. ನಡುವಿನ ರಜೆಯಲ್ಲಿ ಸಮುದ್ರ ನೋಡಿಬರುವುದು ಅವನ ಆಸೆ.

ಹೊರಡುವ ದಿನ ಮೇಷ್ಟ್ರು ಬಸ್ ನಿಲ್ದಾಣಕ್ಕೆ ಬಂದಿದ್ದರು. ಕೊರಗಪ್ಪ ನಮ್ಮ ಟ್ರಂಕು ಹೊತ್ತು ತಂದಿದ್ದ. ಪೂವಯ್ಯ ಬಾಳೆಹಣ್ಣು ತರಲು ಹೋಗಿದ್ದಾಗ ಮೇಷ್ಟ್ರು ನನ್ನ ಕೈಗೆ ನಾಲ್ಕು ಮಡಿಕೆಯ ಒಂದು ಚೀಟಿ ಕೊಟ್ಟರು. ಆರು ವಾರದ ಪ್ರತಿ ದಿನಕ್ಕೂ, ಉಬ್ಬರ ಇಳಿತ ಲೆಕ್ಕಹಾಕಿ, ಒಂದೊಂದು ಹೊತ್ತನ್ನು ತಮ್ಮ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಮೇಲೆ ತಲೆಬರಹ: ಬಂಡೆ ಬಿಡುವ ಹೊತ್ತು.

"ಇದು ಇಬ್ಬರಿಗೂ. ಅವನು ಕಳೀತಾನೆ, ನೀನಿಟ್ಕೋ. ಇಳಿಯೋ ಮೊದಲು ನೋಡಿ" ಎಂದರು. ಬಸ್ಸು ಹೊರಟಿತು. ಪೂವಯ್ಯನಿಗೆ ಚೀಟಿಯ ವಿಷಯ ನಾನು ಹೇಳಲಿಲ್ಲ. ಮರೆತೆನೋ, ಬೇಕಿಲ್ಲವೆನ್ನಿಸಿತೋ, ಈಗ ತಿಳಿಯದು.

ನಾಲ್ಕು ವಾರ ಅದು ಬೇಕಾಗಲೂ ಇಲ್ಲ. ಕೇಂದ್ರದ ಸಹಾಯಕನೊಬ್ಬ ದಿನವೂ ನಮ್ಮೊಡನೆ ಬಂಡೆಗೆ ಬರುತ್ತಿದ್ದ. ಅವನು ಸಾಕು ಎಂದಾಗ ನಾವು ಹಿಂದಿರುಗುತ್ತಿದ್ದೆವು. ಐದನೇ ವಾರದ ಗುರುವಾರ ಅವನಿಗೆ ಜ್ವರ. ನಾವೇ ಹೋಗಿಬರುತ್ತೇವೆ ಎಂದೆವು. ಇನ್ನೂ ಮಳೆ ಬಂದಿರಲಿಲ್ಲ.

ಪೂವಯ್ಯ ಹೊರಗಿನ ಬಂಡೆಯಲ್ಲಿ ಮರದ ಚೌಕಟ್ಟು ಇಟ್ಟು ಅದರೊಳಗಿನ ಚಿಪ್ಪುಗಳನ್ನು ಎಣಿಸುತ್ತಿದ್ದ. ನಾನು ದಡದ ಕಡೆಯ ಬಂಡೆಯ ಮೇಲೆ ಥರ್ಮಾಮೀಟರ್ ಹಿಡಿದು ನಿಂತಿದ್ದೆ. ನಮ್ಮಿಬ್ಬರ ನಡುವೆ ಒಂದು ಕಾಲುವೆ. ಹೋಗುವಾಗ ಅದರಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಒಂಬತ್ತೂಕಾಲರ ಹೊತ್ತಿಗೆ ಅವನು ತಲೆಯೆತ್ತದೆ ಕೂಗಿದ: "ಏಯ್, ನೀರು ಏರ್ತಾ ಉಂಟಾ ನೋಡು. ಇನ್ನು ಎರಡು ಚೌಕ ಬಾಕಿ."

ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ನಾನು ಅದನ್ನು ತೆಗೆಯಲಿಲ್ಲ. ಕಾಲುವೆಯೊಳಗೆ ನೋಡಿದೆ. ತಳದ ಮರಳು, ಮರಳಿನ ಮೇಲಿನ ಚಿಪ್ಪು ಎಲ್ಲ ಕಾಣುತ್ತಿತ್ತು. ನಮ್ಮ ಕಾವೇರಿ ಏರುವ ಮೊದಲು ಕೆಂಪಾಗುತ್ತಾಳೆ. ಮೇಲೆ ಎಲ್ಲೋ ಮಳೆ ಸುರಿದು, ಮಣ್ಣು ಬಂದು, ಆಮೇಲೆ ನೀರು ಬರುತ್ತದೆ. "ಕೆಂಪು ಕಂಡ್ರೆ ಓಡು, ತಿಳಿ ಕಂಡ್ರೆ ಕುಡಿ" ಎಂದು ಅಜ್ಜಿ ನಮ್ಮನ್ನು ಬೆಳೆಸಿದ್ದಳು. ನೀರು ತಿಳಿಯಾಗಿಯೇ ಏರಬಲ್ಲದೆಂದು ನನಗೆ ಗೊತ್ತಿರಲಿಲ್ಲ.

"ಇಲ್ಲ ಮಾರಾಯ, ತಿಳಿಯಾಗಿದೆ. ಮುಗಿಸ್ಕೊಂಡು ಬಾ" ಎಂದು ಕೂಗಿದೆ.

ಅವನು ಎದ್ದು ನಿಲ್ಲುವಾಗ ಕಾಲುವೆ ಎದೆಮಟ್ಟ ಬಂದಿತ್ತು. ಆಗಲೂ ತಳ ಕಾಣುತ್ತಿತ್ತು. ಅವನು ಇಳಿದ. ಒಂದು ಅಲೆ ಅವನನ್ನು ಎರಡು ಬಂಡೆಗಳ ಸಂದಿಗೆ ಒತ್ತಿತು. ಎಡಗಾಲು ಸಿಕ್ಕಿತು. ಮುಂದಿನ ಅಲೆ ದೇಹವನ್ನು ಆ ಕಡೆ ತಿರುಗಿಸಿತು, ಕಾಲು ಅಲ್ಲೇ ಇತ್ತು. ದೋಣಿಯಲ್ಲಿ ಹೋಗುತ್ತಿದ್ದ ಇಬ್ಬರು ಬೆಸ್ತರು ಅವನನ್ನು ಬಿಡಿಸಿ ತಂದಾಗ ಮೊಣಕಾಲು ಮುರಿದಿತ್ತು. ನಾನು ಕೂಗುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಮೇಷ್ಟ್ರು ಬಂದರು. ಆಸ್ಪತ್ರೆಯ ಜಗಲಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಚೀಟಿ?"

ತೆಗೆದುಕೊಟ್ಟೆ. ನೆನೆದು ಒಣಗಿದ್ದ ಕಾಗದ. ಶಾಯಿ ಹರಡಿತ್ತು, ಆದರೂ ಓದಬಹುದಿತ್ತು. ಆ ಗುರುವಾರದ ಎದುರು ಒಂಬತ್ತು ಎಂದಿತ್ತು.

"ನೋಡಿದ್ಯಾ?"

"ಇಲ್ಲ ಸಾರ್. ನೀರು ನೋಡಿದೆ. ತಿಳಿಯಾಗಿತ್ತು."

ಅವರು ಆ ಸಾಲಿನ ಮೇಲೆ ಬೆರಳಿಟ್ಟರು. "ಕಣ್ಣನ್ನ ನಂಬಿದೆ" ಎಂದರು. ಬೈಗುಳವಲ್ಲ, ಪ್ರಶ್ನೆಯೂ ಅಲ್ಲ. ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ನನ್ನ ಜೇಬಿಗೆ ಹಾಕಿದರು.

ಇನ್ನು ಆ ಸೋಮವಾರ. ನಾನು ತಂದಿದ್ದ ಬಾಟಲಿ ಮೇಜಿನ ಮೇಲಿತ್ತು. ಅಪಘಾತದ ಮೊದಲೇ ತುಂಬಿಸಿ, ಮೇಣ ಹಾಕಿ ಮುಚ್ಚಿ, ನನ್ನ ಕೈಬರಹದ ಪಟ್ಟಿ ಅಂಟಿಸಿದ್ದು. ಕೊರಗಪ್ಪ ತೊಟ್ಟಿಯ ಬಳಿ ಜಾಡಿಗಳಿಗೆ ನೀರು ಹಿಡಿಯುತ್ತಿದ್ದ. ಪೂವಯ್ಯನನ್ನು ಅಷ್ಟರಲ್ಲಿ ಮಡಿಕೇರಿಯ ಆಸ್ಪತ್ರೆಗೆ ತಂದಿದ್ದರು. ಅವನ ತಂದೆ ಸುಬೇದಾರರು ಒಳಗೆ ಬಂದರು. ಕೊಡೆ ಮಡಿಸಿ ಗೋಡೆಗೆ ಒರಗಿಸಿದರು. ಕೂರಿ ಎಂದರೂ ಕೂರಲಿಲ್ಲ.

"ಮೇಷ್ಟ್ರೇ, ನಂಗೆ ಒಂದೇ ಮಾತು ಬೇಕು. ನೀರು ಬರುವ ಹೊತ್ತಿಗೆ ಬಂಡೆ ಬಿಡ್ಬೇಕು ಅಂತ ಇವರಿಗೆ ಹೇಳಿ ಕಳಿಸಿದ್ರಾ, ಇಲ್ವಾ?"

ಮೇಷ್ಟ್ರು ಉತ್ತರಿಸುವ ಮೊದಲು ಅವರೇ ಮುಂದುವರಿಸಿದರು. "ಹೇಳಿದ್ರೆ ಹೇಳಿದೆ ಅನ್ನಿ. ನಾನು ಜಗಳಕ್ಕೆ ಬಂದವನಲ್ಲ. ಹೇಳಿದ್ರೆ ನನ್ನ ಮಗ ಆರ್ಡರ್ ಮೀರಿದವನು. ಇಪ್ಪತ್ತು ದಿನದಿಂದ ಹಾಸಿಗೆ ಪಕ್ಕ ಕೂತಿದ್ದೇನೆ, ಒಂದು ಮಾತು ಆಡ್ಲಿಲ್ಲ. ಆರ್ಡರ್ ಮೀರಿ ಕಾಲು ಮುರ್ಕೊಂಡವನ ಹತ್ರ ನನಗೆ ಎಂಥ ಮಾತು? ಹೇಳದಿದ್ರೆ ಅದು ಬೇರೆ."

ಮೇಷ್ಟ್ರು ಅಂದರು: "ಹೇಳಿರಲಿಲ್ಲ. ತಪ್ಪು ನನ್ನದು."

ತೊಟ್ಟಿಯ ಬಳಿ ಕೊರಗಪ್ಪನ ಕೈ ನಿಂತಿತು. ಬಸ್ ನಿಲ್ದಾಣದಲ್ಲಿ ಅವನಿದ್ದ. ಅವನು ಮೇಷ್ಟ್ರನ್ನು ನೋಡಲಿಲ್ಲ, ನನ್ನನ್ನು ನೋಡಿದ.

ಸುಬೇದಾರರೂ ನನ್ನ ಕಡೆ ತಿರುಗಿದರು. "ನೀನೂ ಇದ್ದಿಯಲ್ಲ. ಹೌದಾ?"

ಚೀಟಿ ಅಂದೂ ಜೇಬಿನಲ್ಲಿತ್ತು. "ಹೌದು. ಹೇಳಿರ್ಲಿಲ್ಲ" ಎಂದೆ.

"ಹಾಗಾದ್ರೆ ಹುಡುಗನ ತಪ್ಪಲ್ಲ" ಎಂದು ಸುಬೇದಾರರು ತಮಗೇ ಹೇಳಿಕೊಂಡರು. ಕೊಡೆ ಅಲ್ಲೇ ಬಿಟ್ಟು ಮಳೆಯಲ್ಲಿ ಆಸ್ಪತ್ರೆಯ ಕಡೆಗೆ ನಡೆದರು. ಅಷ್ಟು ಬೇಗ ನಡೆಯುವ ಮುದುಕರನ್ನು ನಾನು ಕಂಡಿರಲಿಲ್ಲ.

ಕೊರಗಪ್ಪ ಬಾಯಿ ತೆರೆದ. "ಅಲ್ಲ ಮೇಷ್ಟ್ರೇ, ಆ ದಿನ ಬಸ್ ಸ್ಟ್ಯಾಂಡಲ್ಲಿ..."

"ಕೊರಗಪ್ಪ, ಜಾಡಿ ತುಂಬಿ ಹರೀತಾ ಇದೆ ನೋಡು."

ಅವನು ಹೊರಗೆ ಹೋದ ಮೇಲೆ ನಾನು ಹೇಳಿದೆ: "ಸಾರ್, ನೀವು ಬರೆದುಕೊಟ್ಟಿದ್ರಿ."

"ಬರೆದುಕೊಟ್ಟದ್ದು ಹೇಳಿದ ಹಾಗಲ್ಲ ಕಣಯ್ಯ. ಎರಡು ವರ್ಷ ಬರೆದದ್ದನ್ನ ನಂಬಬೇಡ ಅಂದೆ. ಕೊನೇ ದಿನ ಒಂದು ಚೀಟಿ ಕೊಟ್ಟು ಇದನ್ನ ನಂಬು ಅಂದ್ರೆ ನೀನು ಹೇಗೆ ನಂಬ್ತೀಯ?"

ಅವರು ಅದನ್ನು ನಿಜಕ್ಕೂ ಹಾಗೆ ತಿಳಿದಿದ್ದರೋ, ನನ್ನನ್ನು ಉಳಿಸಲು ಹೇಳಿದರೋ, ಹಾಸಿಗೆಯಲ್ಲಿದ್ದ ಪೂವಯ್ಯನಿಗೆ ತಂದೆಯನ್ನು ಮರಳಿ ಕೊಡಲು ಹೇಳಿದರೋ, ಇಂದಿಗೂ ನಾನು ಅರಿಯೆ. ಮೂರೂ ಇರಬಹುದು. ನನಗೆ ಗೊತ್ತಿರುವುದು ನಾನು ಹೇಳಿದ ಎರಡು ಮಾತು ಮಾತ್ರ, ಬಂಡೆಯ ಮೇಲಿಂದ ಒಂದು, ಈ ಕೋಣೆಯಲ್ಲಿ ಒಂದು.

ಆ ವರ್ಷ ಯಾರ ಅಂಗೈಗೂ ಹನಿ ಬೀಳಲಿಲ್ಲ. ಬೇಸಿಗೆಗೆ ಹುಡುಗರನ್ನು ಕಳಿಸುವುದು ನಿಂತಿತು. ಪುತ್ತರಿಗೆ ಮೊದಲೇ ಮೇಷ್ಟ್ರನ್ನು ಶನಿವಾರಸಂತೆಯ ಶಾಲೆಗೆ ಕಳಿಸಿದರು. ಸುಬೇದಾರರು ದೂರು ಕೊಟ್ಟರೆಂದು ನಾನು ಕೇಳಿಲ್ಲ. ಕೇಳಿದವರಿಗೆ ಅವರು, ಮೇಷ್ಟ್ರೇ ಒಪ್ಪಿಕೊಂಡದ್ದನ್ನು ಹೇಳಿರಬೇಕು, ಅಷ್ಟೇ ಸಾಕಿತ್ತು.

ನಾನೂ ಶಾಲೆಯ ಮೇಷ್ಟ್ರಾದೆ. ಕೆಲವು ವರ್ಷಗಳ ನಂತರ ಒಂದು ಸಂತೆಯ ದಿನ ಧೈರ್ಯ ಮಾಡಿ ಅವರನ್ನು ನೋಡಲು ಹೋದೆ. ಮಕ್ಕಳನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿ, ತಾವು ಮೊಣಕಾಲವರೆಗೆ ನೀರಿಗಿಳಿದು ಏನೋ ತೋರಿಸುತ್ತಿದ್ದರು. "ಈಗ ನೀರು ತೋರಿಸದೆ ನೀರಿನ ಮಾತಾಡೋದಿಲ್ಲ" ಎಂದರು. ಅವರ ಕೋಣೆಯ ಕಿಟಕಿಯಲ್ಲಿ ನನ್ನ ಬಾಟಲಿ ಇತ್ತು, ಮೇಣ ಒಡೆದಿರಲಿಲ್ಲ. ಹೊರಡುವಾಗ ಕೇಳಿದರು:

"ಆ ಚೀಟಿ ಇದೆಯಾ?"

"ಇದೆ ಸಾರ್."

"ಇಟ್ಕೋ. ಹರೀಬೇಡ."

ಅವರು ತೀರಿಕೊಂಡಾಗ ಅವರ ಊರಿಗೆ ಹೋಗಿದ್ದೆ. ಅಂಗಳದಲ್ಲಿ ಮಲಗಿಸಿದ್ದರು. ಕೈಗಳನ್ನು ನೋಡಿದೆ. ಫಾರ್ಮಲಿನ್ ಬಿಟ್ಟು ಬಹಳ ವರ್ಷವಾಗಿತ್ತು. ಬೆರಳುಗಳು ಎಲ್ಲರ ಬೆರಳಿನಂತೆ ಇದ್ದವು.

ಸುಬೇದಾರರೂ ತೀರಿಕೊಂಡರು. ಕೊರಗಪ್ಪ ಯಾರಿಗೂ ಏನೂ ಹೇಳದೆ ಹೋದ. ಪೂವಯ್ಯ ಸೈನ್ಯ ಸೇರಲಿಲ್ಲ. ಹುದಿಕೇರಿಯ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ಮಡಿಸಲಾಗದ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂರುತ್ತಾನೆ. ನಾನು ಹೋದರೆ ಕಾಫಿ ಕೊಡಿಸುತ್ತಾನೆ. ಬಂಡೆಯ ಮೇಲಿಂದ ನಾನು ಕೂಗಿದ ಮಾತನ್ನು ಅವನು ಎಂದೂ ಎತ್ತಿಲ್ಲ. ನೀರೇರುವ ಹೊತ್ತು ಇಬ್ಬರಿಗೂ ತಿಳಿದಿರಲಿಲ್ಲವೆಂದೇ ಅವನ ನಂಬಿಕೆ. ಒಂದೇ ಸಲ, ಮೇಷ್ಟ್ರು ಹೋದ ವರ್ಷ, "ಒಳ್ಳೆ ಮನುಷ್ಯ. ಒಂದು ಮಾತು ಹೇಳಿ ಕಳಿಸಿದ್ರೆ ಆಗ್ತಿತ್ತು ನೋಡು" ಎಂದ. ನಾನು ಕಾಫಿ ಕುಡಿದೆ.

ಇದನ್ನು ಬರೆದು ಮುಗಿಸಿದ ಮೇಲೆ ಮೊದಲು ಅವನಿಗೆ ಓದಲು ಕೊಡುತ್ತೇನೆ, ಚೀಟಿಯನ್ನೂ ಸೇರಿಸಿ. ಆ ಗುರುವಾರ ನೀರು ತಿಳಿಯಾಗಿತ್ತೆಂಬುದಕ್ಕೆ ಇನ್ನೂ ಬದುಕಿರುವ ಸಾಕ್ಷಿ ನನ್ನನ್ನು ಬಿಟ್ಟರೆ ಒಬ್ಬನೇ, ಹುದಿಕೇರಿಯ ಪೂವಯ್ಯ.