ಫ್ರಾನ್ಸಿನವನಿಗೆ ಹೊತ್ತ ಜವಳ

ಮಗನ ಜಡೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಸಾಲಿಗೆ ಹೋಗುವ ವಯಸ್ಸಿನ ಗಂಡು ಹುಡುಗ, ಬೆನ್ನ ಮೇಲೆ ಎರಡು ಗೇಣು ಜಡೆ! ಹುಮನಾಬಾದಿನ ನಮ್ಮ ಓಣಿಯ ಹುಡುಗರು ಜಗ್ಗಿ ರೇಗಿಸುವರು, ಇವನು ಅಳುತ್ತ ಮನೆಗೆ ಓಡಿಬರುವನು. ಕತ್ತರಿಸುವಂತಿರಲಿಲ್ಲ. ಅದು ಅತ್ತೆಯ ಹರಕೆಯ ಕೂದಲು.

ನಾನು ಕಲ್ಯಾಣದ ಮಗಳು, ಹುಮನಾಬಾದಿನ ಸೊಸೆ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ, ಇವನ ಹೆರಿಗೆಗೆ ನನ್ನನ್ನು ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ದಿದ್ದರು. ಆಗ ಅದೇ ನಮ್ಮ ರಾಜಧಾನಿ. ಪಕ್ಕದ ಮಂಚದವಳನ್ನು ನೋಡಿಕೊಳ್ಳಲು ಬಂದಿದ್ದ ಹಬ್ಶಿ ಹೆಂಗಸಿನ ಜತೆ ಅತ್ತೆಗೆ ಗೆಳೆತನವಾಯಿತು. ಗುಡ್ಡದ ಮೇಲೊಂದು ಗೋರಿಯಿದೆ, ಜನ ದೀಪ ಹಚ್ಚಿ ಬೇಡಿಕೊಳ್ಳುತ್ತಾರೆ ಎಂದು ಅವಳು ಹೇಳಿದಳು. ನಮ್ಮ ಕಡೆ ಗೋರಿಗೆ ದೀಪವಿಟ್ಟರೆ ಅದು ಪೀರನದೇ. ಲಿಂಗ ಕಟ್ಟಿದವರೂ ಕೈಮುಗಿಯುವರು. ಕೂಸು ಉಳಿದರೆ ಜವಳ ಅಲ್ಲೇ ತೆಗೆಸುತ್ತೇನೆಂದು ಅತ್ತೆ ನಿಂತ ಕಾಲಲ್ಲೇ ಹರಕೆ ಹೊತ್ತರು. ಕೂಸು ಉಳಿಯಿತು.

ಅಷ್ಟರಲ್ಲಿ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದೆವು. ಹೈದರಾಬಾದು ಪರರ ಊರಾಯಿತು. ಇವತ್ತು ನಾಳೆ ಎನ್ನುತ್ತ ವರ್ಷಗಳು ಸರಿದವು. ಮಗನಿಗೆ ಮೈ ಬಿಸಿಯಾದಾಗೆಲ್ಲ ಹರಕೆ ಕಾಡುತ್ತಿದೆಯೆಂದು ನಾನು ಸತ್ತು ಹುಟ್ಟುತ್ತಿದ್ದೆ. ಸಾಲಿಗೆ ಹಾಕುವ ಮುಂಚೆ ಇದು ಮುಗಿಯಲೇಬೇಕೆಂದು ಹಟ ಹಿಡಿದು, ಅತ್ತೆ ಮತ್ತು ಮಗನೊಂದಿಗೆ ಬಸ್ಸು ಹತ್ತಿದೆ.

ಹಬ್ಶಿಗಳ ಓಣಿಯಲ್ಲಿ ಅತ್ತೆಯ ಗೆಳತಿ ಸಿಕ್ಕಳು. ಅವಳ ಗಂಡನ ಅಜ್ಜ ಆಫ್ರಿಕಾದಿಂದ ಬಂದು ನಿಜಾಮರ ಕುದುರೆ ಪಡೆ ಸೇರಿದವನು. ಗಂಡನೂ ಅದೇ ಪಡೆಯಲ್ಲಿದ್ದವನು. ಪೀರನ ಹರಕೆಗೆ ಬಂದೆವೆಂದಾಗ ಅವಳು ಹೊಟ್ಟೆ ಹಿಡಿದು ನಕ್ಕಳು. "ಕಾಯ್ಕಾ ಪೀರ್, ಅಮ್ಮಾ!"

ಗೋರಿಯಲ್ಲಿರುವವನು ಪೀರನೇ ಅಲ್ಲವಂತೆ. ಬಹಳ ಹಿಂದೆ ಫ್ರಾನ್ಸಿನಿಂದ ಬಂದು ನಿಜಾಮರ ಫೌಜು ನಡೆಸಿದ ಸೈನಿಕ, ಕಿರಿಸ್ತಾನ. ಜನರಿಗೆ ಬೇಕಾದವನಾಗಿದ್ದ, ಅದಕ್ಕೇ ದೀಪ.

ಪೀರನೇ ಅಲ್ಲವೆಂದರೆ ಹರಕೆ ತೀರುವುದು ಹೇಗೆ? "ಯಾರು ಏನಂತ ಕೇಳ್ದೇನೇ ಹರಕಿ ಹೊತ್ತೀರಲ್ರಿ ಅತ್ತಿ! ಈಗ ನನ್ನ ಕೂಸಿನ ಗತಿ ಏನ್ರಿ?" ಎಂದು ಹರಿಹಾಯ್ದೆ.

ಅತ್ತೆ ಜಗ್ಗಲಿಲ್ಲ. "ಕೂಸು ಉಳದದ ಇಲ್ಲೋ? ಯಾಕ ಒದರಾಕತ್ತಿ? ಯಾವನರೆ ಇರ್ಲಿ, ಅವನ ಹೆಸರ್ಲೆ ಉಳದದ. ನಡಿ, ಕೊಟ್ಟು ಬರೂಣು."

ಅಲ್ಲಿ ಹಜಾಮ ಸಿಗುವುದಿಲ್ಲವೆಂದು ಗೆಳತಿಯ ಗಂಡನೇ ಕತ್ತರಿ ಹಿಡಿದು ಹೊರಟ. ಗುಡ್ಡದ ಮೇಲೆ ಗುಂಬಜಿಲ್ಲ, ಹಸಿರು ಚಾದರವಿಲ್ಲ. ಬರೀ ಒಂದು ಎತ್ತರದ ಕಲ್ಲಿನ ಕಂಬ. ಬುಡದಲ್ಲಿ ಯಾರೋ ಹಚ್ಚಿದ ದೀಪದ ಎಣ್ಣೆ ಕಲೆ.

"ಇವನೂ ಸಮುದ್ರ ದಾಟಿ ಬಂದವ, ನಮ್ಮಜ್ಜನೂ ಹಾಂಗೇ," ಎಂದು ಉರ್ದುವಿನಲ್ಲಿ ಹೇಳುತ್ತ ಅವನು ಕತ್ತರಿ ಕಂಡು ಅಳುತ್ತಿದ್ದ ಮಗನನ್ನು ಮುಂದೆ ಕೂರಿಸಿಕೊಂಡ. ಆ ಕತ್ತರಿಯಿಂದ ಅವನು ಕುದುರೆಗಳ ಕುತ್ತಿಗೆಯ ಕೂದಲು ಕತ್ತರಿಸುತ್ತಿದ್ದನಂತೆ. ಅದನ್ನು ಕೇಳಿದ್ದೇ ಮಗ ಅಳು ಬಿಟ್ಟು ಕುದುರೆಯಂತೆ ಕೆನೆದ. ಜಡೆ ಕಲ್ಲಿನ ಬುಡಕ್ಕೆ ಬಿತ್ತು.

ಅತ್ತೆ ಬೆಲ್ಲವಿಟ್ಟು ದೀಪ ಹಚ್ಚಿ ಆ ಫ್ರಾನ್ಸಿನವನಿಗೆ ಕನ್ನಡದಲ್ಲೇ, "ನಿಂದು ನಿನಗ ಮುಟ್ತಪ್ಪಾ, ಇನ್ನ ನಮ್ಮ ಕೂಸು ನಮಗ ಬಿಡು" ಎಂದರು.

ಮಗ ಕುತ್ತಿಗೆ ಸವರಿಕೊಂಡ. "ಯವ್ವಾ, ಗಾಳಿ ತಣ್ಣಗ ಹತ್ತಾಕತ್ತದ!" ನನಗೆ ಅಳುವೂ ಬಂತು, ನಗುವೂ ಬಂತು.

ಆಮೇಲೆ ಅವನಿಗೆ ಜ್ವರ ಬರಲೇ ಇಲ್ಲವೆಂದಲ್ಲ. ಆ ಮಳೆಗಾಲದಲ್ಲೇ ಬಂತು. ಶುಂಠಿ ಕಷಾಯ ಕುಡಿಸಿ, ಕೌದಿ ಹೊದಿಸಿ, ನಾನೂ ಪಕ್ಕದಲ್ಲೇ ಮಲಗಿ ನಿದ್ದೆ ಹೋದೆ. ಅದು ಬರೀ ಜ್ವರ.