ಗಾಯರಾಣದ ಹದಿಮೂರು ಸಂಸ್ಥಾನಗಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹುನಗುಂದದಲ್ಲಿದ್ದುಕೊಂಡು ಬಿ.ಎ. ಹುಡುಗರಿಗೆ ಅಮೇರಿಕದ ಇತಿಹಾಸ ಕಲಿಸುತ್ತಿದ್ದೆ. ಬಾದಾಮಿಯ ಚಾಲುಕ್ಯರು ಬಸ್ಸಿನ ದಾರಿಯಲ್ಲೇ ಇದ್ದರೂ, ಓಹಾಯೋ ನದಿ ಎಲ್ಲಿದೆಯೆಂದು ತಿಳಿಯದವರಿಗೆ ಡಿಗ್ರಿ ಕೊಡಬಾರದೆಂದು ವಿಶ್ವವಿದ್ಯಾಲಯಕ್ಕೆ ಅನಿಸಿತ್ತು. ಓಹಾಯೋ ನದಿಯನ್ನು ನಾನೂ ನೋಡಿದವನಲ್ಲ. ಕೂಡಲಸಂಗಮದಲ್ಲಿ ಎರಡು ಹೊಳೆ ಕೂಡುವುದನ್ನು ನೋಡಿದ್ದ ಧೈರ್ಯದ ಮೇಲೆ ಕಲಿಸುತ್ತಿದ್ದೆ.

ಆ ಪಾಠದಲ್ಲಿ ನನ್ನ ಮನಸ್ಸಿಗೆ ಸೇರಿದ ಭಾಗ ಸಂವಿಧಾನಕ್ಕಿಂತ ಮುಂಚಿನದು. ಇಂಗ್ಲೆಂಡಿನ ರಾಜನನ್ನು ಓಡಿಸಿದ ಹದಿಮೂರು ಸಂಸ್ಥಾನಗಳು ಕೂಡಿ ಒಂದು ಸರ್ಕಾರ ಮಾಡಿಕೊಂಡವು. ಅದಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ. ಸಂಸ್ಥಾನಗಳ ಮುಂದೆ ಕೈಯೊಡ್ಡಬೇಕು, ಅವು ನಾಳೆ ಬಾ ಅನ್ನಬೇಕು. ಮೂಲ ಕರಾರಿನಲ್ಲಿ ಒಂದಕ್ಷರ ಬದಲಿಸಲಿಕ್ಕೂ ಹದಿಮೂರೂ ಹೂಂ ಅನ್ನಬೇಕು. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ಇನ್ನೂ ಮೂವರು ಹೆಚ್ಚು. ಕಾಸಿಲ್ಲದ ಆ ಸರ್ಕಾರದ ಹತ್ತಿರ ಇದ್ದ ಒಂದೇ ಆಸ್ತಿಯೆಂದರೆ ಪಶ್ಚಿಮಕ್ಕೆ ಓಹಾಯೋ ನದಿಯಾಚೆಯ ಕಾಡು, ಬಯಲು. ಅದನ್ನು ಚೌಕ ಚೌಕವಾಗಿ ಅಳೆದು ಮಾರಬೇಕೆಂದು ಕಾಯಿದೆಯಾಯಿತು. ಅಲ್ಲಿ ಆಗಲೇ ಜನ ವಾಸವಾಗಿದ್ದರು ಅನ್ನುವುದು ಸಣ್ಣ ಅಡಚಣೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಮುಂದಿನ ಇನ್ನೊಂದು ಕಾಯಿದೆಯಲ್ಲಿ, ಆ ಮೂಲ ಜನರ ನೆಲವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳಬಾರದು ಎಂದೂ ಬರೆದಿಟ್ಟರು. ಕಾಗದದ ಮೇಲಿನ ಧರ್ಮಕ್ಕೆ ಖರ್ಚಿಲ್ಲ.

ಇದೆಲ್ಲ ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಯಾಕೆಂದರೆ ನಾನೂ ಅಂಥದೇ ಒಂದು ಸರ್ಕಾರದಲ್ಲಿದ್ದೆ. ಊರ ವಕೀಲರು, ಅಡತಿ ವ್ಯಾಪಾರಿಗಳು, ಮಾಸ್ತರರು ಸೇರಿ ಮನೆ ಕಟ್ಟಿಸಿಕೊಳ್ಳುವ ಸಂಘ ಮಾಡಿಕೊಂಡಿದ್ದೆವು. ಎಣಿಸಿದರೆ ನಾವೂ ಹದಿಮೂರು ಮಂದಿಯೇ. ಅಧ್ಯಕ್ಷರು ಒಬ್ಬ ಹಿರಿಯ ವಕೀಲರು. ಇದು ಶರಣರ ನಾಡು, ಇಲ್ಲಿ ಒಬ್ಬರ ಮನಸ್ಸೂ ನೋಯಬಾರದು, ಎಲ್ಲರೂ ಒಪ್ಪಿದರೆ ಮಾತ್ರ ಠರಾವು ಎಂದು ಅವರೇ ನಿಯಮ ಬರೆಸಿದರು. ಕೇಳಿದವರ ಕಣ್ಣು ಒದ್ದೆಯಾದವು. ವಂತಿಗೆ ಕೇಳುವ ಹೊತ್ತಿಗೆ ಒಣಗಿದ್ದವು.

ಸಂಘಕ್ಕೆ ಊರಾಚೆಯ ಗಾಯರಾಣದಲ್ಲಿ ಜಾಗ ಮಂಜೂರಾಯಿತು. ಗಾಯರಾಣವೆಂದರೆ ದನ, ಕುರಿ ಮೇಯಲೆಂದು ಬಿಟ್ಟ ಬಯಲು. ಅಲ್ಲಿ ಆಗಲೇ ಇದ್ದವನು ನನ್ನ ಕಾಕಾ. ನಾವು ಬೀರಪ್ಪನ ಒಕ್ಕಲು. ಅಪ್ಪ ನನ್ನನ್ನು ಸಾಲಿಗೆ ಹಾಕಿದ, ಅಪ್ಪನ ತಮ್ಮ ಕುರಿ ಹಿಂದೆಯೇ ಉಳಿದ. ಹೊಲಗಳೆಲ್ಲ ಬಿತ್ತಿರುವ ತಿಂಗಳುಗಳಲ್ಲಿ ಅವನ ಕುರಿಗೆ ಬಾಯಾಡಿಸಲು ಆ ಬಯಲೊಂದೇ ಗತಿ. ಅದು ಹೋದರೆ ಹಿಂಡು ಹೋದಂತೆ. ಹಾಗಾಗಿ ನಾನು ಅಮೇರಿಕದವರ ಸಾಲನ್ನೇ ಎತ್ತಿ, ಕುರಿಯವರ ಒಪ್ಪಿಗೆ ಕೇಳದೆ ಜಾಗಕ್ಕೆ ಕೈಹಾಕಬಾರದು ಎಂದು ಸಂಘದ ಠರಾವಿನಲ್ಲಿ ಸೇರಿಸಲು ಹೇಳಿದೆ. ಎಲ್ಲರೂ ಸಂತೋಷದಿಂದ ಒಪ್ಪಿದರು. ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸರ್ವೇದವನು ಸರಪಳಿ ಎಳೆದು, ಸುಣ್ಣದ ಗೆರೆ ಹಾಕಿ, ನಕ್ಷೆ ಮಾಡಿಕೊಟ್ಟ. ಆದರೆ ಹದಿಮೂರು ಮಂದಿಗೂ ಪೂರ್ವದ ಬಾಗಿಲೇ ಬೇಕು. ರಸ್ತೆಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಮುಖ ಮಾಡಿದರೆ ಎದುರಿನವು ಪಶ್ಚಿಮಕ್ಕೆ ಮಾಡಲೇಬೇಕು ಎಂದು ಅವನು ತಿಳಿಸಿ ಹೇಳಿದ. ಭೌತಶಾಸ್ತ್ರ ಕಲಿಸುವ ಮಾಸ್ತರರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ನಿಮ್ಮ ನಕ್ಷೆದಾಗಿನ ದೋಷ ಐತ್ರಿ” ಎಂದರು. ಅಡತಿಯವರೊಬ್ಬರ ಇಳಕಲ್ಲಿನ ಬೀಗರು ಪಶ್ಚಿಮದ ಬಾಗಿಲಿನ ಮನೆಗೆ ಹೆಣ್ಣು ಕೊಡುವುದಿಲ್ಲವಂತೆ. ಪ್ರತಿ ಸಭೆಯಲ್ಲಿ ಚುರಮರಿ, ಮಿರ್ಚಿ ಭಜಿ ತಿಂದು, ಯಾರಾದರೊಬ್ಬರು ಒಲ್ಲೆನೆಂದು ಹೇಳಿ ಎದ್ದು ಹೋಗುತ್ತಿದ್ದರು. ಅವರಿಗೆ ಸುಸ್ತಾದ ದಿನ ನಾನು ಒಲ್ಲೆನೆನ್ನುತ್ತಿದ್ದೆ.

ಹೀಗೆ ವರ್ಷಗಳು ಕಳೆದವು. ಕಾಕಾನ ಕುರಿಗಳು ಸುಣ್ಣದ ಗೆರೆ ತುಳಿದುಕೊಂಡು ಮೇಯುತ್ತಿದ್ದವು. ನನಗಂತೂ ಬಲು ಖುಷಿ. ಕೈಲಾಗದ ಸರ್ಕಾರವನ್ನು ಪುಸ್ತಕಗಳೆಲ್ಲ ಬೈಯುತ್ತವೆ. ಬೈಯುವವರು ಯಾರೂ ಗಾಯರಾಣದಲ್ಲಿ ಕುರಿ ಕಾಯ್ದವರಲ್ಲ. ಓಹಾಯೋ ಆಚೆಯ ಜನ ಆ ಹದಿಮೂರು ಸಂಸ್ಥಾನಗಳ ಜಗಳ ನೂರು ವರ್ಷ ನಡೆಯಲಿ ಎಂದು ತಮ್ಮ ದೇವರಿಗೆ ಹರಕೆ ಹೊತ್ತಿದ್ದರೂ ಆಶ್ಚರ್ಯವಿಲ್ಲ.

ಅಧ್ಯಕ್ಷರ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದುವ ಹುಡುಗಿ. ಒಂದು ಸಭೆಯಲ್ಲಿ ಅಧ್ಯಕ್ಷರು ಭಜಿ ಬರುವುದಕ್ಕೂ ಮುಂಚೆಯೇ ನನ್ನತ್ತ ತಿರುಗಿದರು.

“ಮಾಸ್ತರ್ರ, ಹದಿಮೂರೂ ಕೂಡಿ ಹೂಂ ಅನ್ನೂದು ಆಗೂದಿಲ್ಲಂತ, ಅಮೇರಿಕಾದವರು ಹೊಸಾ ಸಂವಿಧಾನಕ್ಕ ಒಂಬತ್ತ ಸಾಕು ಅಂದ್ರಂತಲ್ಲ. ಖರೆ ಏನ್ರಿ?”

“ಖರೆ ಐತ್ರಿ” ಎಂದೆ. ಇಲ್ಲವೆನ್ನುವುದು ಹೇಗೆ? ಪರೀಕ್ಷೆಗೆ ಬರುವ ಪ್ರಶ್ನೆ ಅದು.

“ಅಷ್ಟ ದೊಡ್ಡ ದೇಶಕ್ಕ ಸಾಕಾದದ್ದು ನಮಗ್ಯಾಕ ಬ್ಯಾಡ?” ಎಂದು ಅವರು ಹೊಸ ನಕ್ಷೆ ಬಿಚ್ಚಿದರು. ಅದರಲ್ಲಿ ಪೂರ್ವಕ್ಕೆ ಬಾಗಿಲಿದ್ದ ನಿವೇಶನಗಳು ಒಂಬತ್ತು, ಪಶ್ಚಿಮಕ್ಕಿದ್ದವು ನಾಲ್ಕು. ಯಾವ ಒಂಬತ್ತು ಕೈ ಏಳಬೇಕೋ ಅವೇ ಎದ್ದವು. ನನ್ನ ಒಲ್ಲೆಗೆ ಅಂದಿನಿಂದ ಬೆಲೆಯಿರಲಿಲ್ಲ. ಮನಸ್ಸು ನೋಯಬಾರದ ಶರಣರ ನಾಡು ಎಲ್ಲಿಗೆ ಹೋಯಿತೋ, ಯಾರೂ ಕೇಳಲಿಲ್ಲ.

ಇನ್ನು ಉಳಿದದ್ದು ಒಪ್ಪಿಗೆಯ ಸಾಲು. ಅದನ್ನು ಅಧ್ಯಕ್ಷರು ಮರೆಯಲಿಲ್ಲ, ಭಾಳ ನಿಯಮಸ್ಥರು. “ಅವರು ನಿಮ್ಮ ಮಂದೀನ ಅದಾರ, ನೀವ ಕೇಳ್ಕೊಂಡು ಬರ್ರಿ” ಎಂದು ನನ್ನನ್ನೇ ಕಳಿಸಿದರು.

ಕಾಕಾ ಕಂಬಳಿ ಹಾಸಿ, ಕೂಡು ಅಂದ. ನಾನು ಎಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕದೆ ಕೇಳಿದ.

“ತಮ್ಮಾ, ನಾ ಒಲ್ಲೆ ಅಂದ್ರ ಏನಾಕ್ಕೈತಿ?”

“ಬರಕೋತಾರ ಕಾಕಾ.”

“ಹಂಗಾರ ಒಲ್ಲೆ ಅಂತ ಬರಿ.”

ಹಾಗೆಯೇ ಬರೆದೆ. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಅದನ್ನು ಕನ್ನಡಕ ಏರಿಸಿ ಓದಿದರು. ಸಾಲಿನಲ್ಲಿ ಕೇಳಬೇಕು ಅಂತಿದೆ, ಕೇಳಿದ್ದಾಯಿತು, ಒಲ್ಲೆ ಅಂದರೆ ಬಿಡಬೇಕು ಅಂತ ಎಲ್ಲೂ ಇಲ್ಲ ಎಂದು ವಿವರಿಸಿ, ಒಪ್ಪಿಗೆ ಕೇಳಲಾಗಿದೆ ಎಂದು ಠರಾವು ಬರೆಸಿದರು. ಒಂಬತ್ತು ಕೈ ಎದ್ದವು. ಮಳೆಗಾಲ ಬರುವುದರೊಳಗೆ ಬಯಲಿನ ಸುತ್ತ ತಂತಿಬೇಲಿ ಬಂತು. ನಾನು ಸಂಘ ಬಿಟ್ಟೆ. ಅದರಿಂದ ಅವರಿಗೆ ಒಂದು ನಿವೇಶನ ಉಳಿಯಿತು, ಅಷ್ಟೇ.

ಕಾಕಾ ಕುರಿಗಳನ್ನು ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋಗಿ ಎಲ್ಲವನ್ನೂ ಮಾರಿದ. ತಿರುಗಿ ಬರುವಾಗ ನಮ್ಮ ಮನೆಗೆ ಬಂದು ಚಹಾ ಕುಡಿದ. ನಾನು ಅಧ್ಯಕ್ಷರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವನು ನನ್ನನ್ನು ತಡೆದ.

“ಹಂಗ ಅನಬ್ಯಾಡ ತಮ್ಮಾ. ನಮ್ಮಂಥಾವ್ರನ್ನ ಇಷ್ಟು ದಿನ ಯಾರು ಕೇಳ್ತಿದ್ರು? ನೀ ಸಾಲಿ ಕಲ್ತಿದ್ದಕ್ಕ ಬಂದು ಕೇಳಿದ್ರು.”

ಅವನು ಅದನ್ನು ಮನಸಾರೆ ಹೇಳಿದ. ಆ ಮಾತಿಗೆ ಬಂದಷ್ಟು ಸಿಟ್ಟು ನನಗೆ ಅಧ್ಯಕ್ಷರ ಮೇಲೂ ಬಂದಿರಲಿಲ್ಲ.