ಜೂನ್ ಒಂದರವಳಿಗೆ ಜನವರಿಯ ಹರಳು

ನನಗೆ ಬೇಕಾಗಿದ್ದದ್ದು ಒಂದು ಉಂಗುರ, ಅಷ್ಟೇ. ವಿಜಯಪುರದ ಸರಾಫರ ಅಂಗಡಿಗೆ ಕಿವಿಯೋಲೆಯ ತಿರುಪು ಸರಿ ಮಾಡಿಸಲು ಹೋದಾಗ ಅದು ಕಣ್ಣಿಗೆ ಬಿತ್ತು. ಬೆಳ್ಳಿಯ ಕಟ್ಟಿನಲ್ಲಿ ಒಂದೇ ಒಂದು ಗಾರ್ನೆಟ್ ಹರಳು, ಮಾಗಿದ ದಾಳಿಂಬೆ ಕಾಳಿನ ಕೆಂಪು. ಬೆರಳಿಗೆ ಹಾಕಿ ನೋಡಿದೆ, ಸರಿಯಾಗಿ ಕೂತಿತು. ಮಾತು ಅಲ್ಲಿಗೇ ಮುಗಿಯಬೇಕಿತ್ತು.

"ಜನವರಿಯೊಳಗ ಹುಟ್ಟಿದವರು ಹಾಕ್ಕೊಳ್ಳೂ ಹರಳ್ರಿ ಇದು, ಮೇಡಮ್. ನಿಮ್ಮದು ಯಾವ ತಿಂಗಳರಿ?" ಎಂದರು ಅಂಗಡಿಯವರು.

"ಜೂನ್," ಎಂದೆ. ಅದು ಖರೆಯಲ್ಲವೆಂದು ನನಗೇ ಗೊತ್ತಿತ್ತು.

ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ ಒಂದು. ನಮ್ಮ ಕಡೆ ಶಾಲೆಗೆ ಹೋದವರಲ್ಲಿ ಅರ್ಧ ಊರೇ ಅಂದು ಹುಟ್ಟಿದೆ. ಶಾಲೆ ಶುರುವಾಗುವಾಗ ಮಾಸ್ತರರು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಜೂನ್ ಒಂದು ಬರೆದುಕೊಳ್ಳುತ್ತಿದ್ದರು. ನನ್ನ ಕೈ ಉದ್ದ, ಐದಕ್ಕೇ ಮುಟ್ಟಿರಬೇಕು. ಈಗ ನಾನೇ ಟಿಕೋಟಾದಲ್ಲಿ ಶಿಕ್ಷಕಿ. ನಮ್ಮ ಸ್ಟಾಫ್ ರೂಮಿನಲ್ಲಿ ಅಂದು ಕೇಕ್ ಕತ್ತರಿಸಲು ಪಾಳಿ ಹಚ್ಚಬೇಕು.

"ಜೂನ್ ಅಂದ್ರ ಮುತ್ತರಿ. ಮುತ್ತ ತೋರಸ್ಲೇನ್ರಿ?" ಎಂದರು. ಮುತ್ತು ಬೇಡವೆಂದೆ. ಹಟಕ್ಕೆ ಬಿದ್ದು ಗಾರ್ನೆಟ್ ಉಂಗುರವನ್ನೇ ಕೊಂಡು ಅಥಣಿ ರಸ್ತೆಯ ಮನೆಯವರೆಗೂ ಗೊಣಗಿಕೊಂಡು ಬಂದೆ. ನನ್ನ ಗಂಡ ಎಲ್ಲ ಕೇಳಿ, "ಚಂದೈತಿ. ಆದರ ನಿಂದಲ್ಲಲ್ಲ?" ಎಂದು ನಕ್ಕರು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅವರಿಗೆ ಚೆನ್ನಾಗಿ ಬರುತ್ತದೆ.

ಐವತ್ತು ದಾಟಿದ ಮೇಲಾದರೂ ನಾನು ಯಾವ ತಿಂಗಳಲ್ಲಿ ಹುಟ್ಟಿದೆನೆಂದು ನನಗೆ ತಿಳಿಯಬಾರದೇ? ರವಿವಾರ ಬಸ್ಸು ಹಿಡಿದು ಹೊನವಾಡಕ್ಕೆ ಹೋದೆ. ಅಲ್ಲಿ ಅವ್ವ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಎಂಬತ್ತರ ಹತ್ತಿರ ಬಂದರೂ ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟುಕೊಟ್ಟಿಲ್ಲ.

"ಯವ್ವಾ, ನಾ ಹುಟ್ಟಿದ್ದು ಯಾವಾಗ?"

"ಸೀತನಿ ಇದ್ವು," ಎಂದಳು. ಹಾಲುಗಾಳಿನ ಜೋಳದ ತೆನೆ ಸುಟ್ಟು ತಿನ್ನುವ ಕಾಲ. "ನಿಮ್ಮತ್ತಿ ಹೊಲದಿಂದ ತಂದಿದ್ಲು. ಬಾಣಂತಿಗೆ ಕೊಡಬಾರದಂತ ತಾನ ತಿಂದ್ಲು."

"ಎಳ್ಳ ಅಮಾಸಿ ಆಗಿತ್ತೇನು?"

"ಆಗಿತ್ತೋ, ಆಗೂದಿತ್ತೋ."

"ಸಂಕ್ರಾಂತಿ?"

"ಅದೂ ಅಲ್ಲೇ ಎಲ್ಲೋ."

ಡಿಸೆಂಬರ್, ಜನವರಿ, ಫೆಬ್ರುವರಿ, ಮೂರಕ್ಕೂ ಬಾಗಿಲು ತೆರೆದಿಟ್ಟು ಅವ್ವ ಹಿಟ್ಟು ನಾದತೊಡಗಿದಳು. ಮಕ್ಕಳ ಬಾಯಿಂದ ಉತ್ತರ ಹೊರಡಿಸಿಯೇ ಹೊಟ್ಟೆ ಹೊರೆದವಳು ನಾನು, ಇವಳ ಮುಂದೆ ಸೋತೆ. ಉಂಗುರ ತೋರಿಸಿ, ತಿಂಗಳಿಗೊಂದು ಹರಳಿನ ಕಥೆ ಹೇಳಿದೆ.

"ನನ್ನ ಕಾರ್ಡಿನ್ಯಾಗ ಏನೈತಿ ನೋಡ," ಎಂದಳು.

ಗೂಡಿನಲ್ಲಿದ್ದ ಅವಳ ಆಧಾರ್ ಕಾರ್ಡು ತೆಗೆದು ನೋಡಿದೆ. ಜನವರಿ ಒಂದು. ಶಾಲೆಯ ಮೆಟ್ಟಿಲು ಹತ್ತದ ಅವ್ವ ಅಂದಾಜಿನ ಮೇಲೆ ವಯಸ್ಸು ಹೇಳಿದ್ದಳು, ತಿಂಗಳು ತಾರೀಖು ತಾವಾಗಿಯೇ ಬಂದು ಕೂತಿದ್ದವು.

"ಹಂಗಾದ್ರ ಹರಳ ನಂದಾತು!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

ನನಗೆ ನಗು ಬರಲಿಲ್ಲ. "ತಮ್ಮ ಹುಟ್ಟಿದ್ದು ಮಾತ್ರ ನೆನಪೈತಿ ನಿನಗ. ಶ್ರಾವಣ ಸೋಮವಾರ, ಮುಂಜಾನಿ ಹತ್ತ ಹೊಡದು ಐದು ನಿಮಿಷ! ಅವಂಗ ಜಾತಕ ಬರಸೀರಿ. ನಂದು ತಿಂಗಳಾನೂ ಗೊತ್ತಿಲ್ಲ. ಹೆಣ್ಣು ಅಂತ ಹೌದಿಲ್ಲೋ?"

ನನ್ನ ದನಿ ಓಣಿಗೆ ಕೇಳುವಷ್ಟು ಏರಿತ್ತು. ಇಷ್ಟು ವಯಸ್ಸಾದವಳು ಅಡುಗೆಮನೆಯಲ್ಲಿ ನಿಂತು ಹಾಗೆ ಕೂಗಾಡಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಆದರೆ ಸಿಟ್ಟು ಸುಳ್ಳಾಗಿರಲಿಲ್ಲ.

ಅವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಅಂವ ಹುಟ್ಟಿದಾಗ ನಿಮ್ಮಪ್ಪ ಗಡಿಯಾರ ಹಿಡಕೊಂಡು ಬಾಗಲಾಗ ನಿಂತಿದ್ದ. ನೀ ಹುಟ್ಟಿದಾಗ ಯಾರೂ ನಿಂತಿರಲಿಲ್ಲ. ನಾ ಒಬ್ಬಾಕೀನ ಇದ್ದೆ. ನನಗ ಗಡಿಯಾರ ನೋಡಾಕ ಬರ್ತಿದ್ದಿಲ್ಲ."

ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು. ನಾನೇ ಮಗುಚಿ ಹಾಕಿದೆ. ಉಂಗುರ ಬಿಚ್ಚಿ ಅವಳ ಹಿಟ್ಟುಗೈಗೆ ತೊಡಿಸಲು ಹೋದೆ. ಗಂಟುಬಿದ್ದ ಬೆರಳನ್ನು ಅದು ದಾಟಲಿಲ್ಲ.

"ಬ್ಯಾಡ ಬಿಡ, ರೊಟ್ಟಿ ಬಡಿಯಾಕ ಅಡ್ಡ ಬರ್ತೈತಿ," ಎಂದು ಅವ್ವ ಉಂಗುರವನ್ನು ಸೆರಗಿನಿಂದ ಒರೆಸಿ ನನ್ನ ಬೆರಳಿಗೇ ಹಾಕಿದಳು. "ಥಂಡಿ ಭಾಳಿತ್ತು. ಅದಷ್ಟು ಖರೆ. ನಿನ್ನ ಎದಿಮ್ಯಾಲ ಹಾಕ್ಕೊಂಡು ಮಲಗಿದ್ದೆ, ಕೆಳಗ ಇಳಸಲಿಲ್ಲ."

"ಎಷ್ಟು ದಿನ?" ಎಂದು ಕೇಳಿಬಿಟ್ಟೆ. ಹುಟ್ಟುಗುಣ.

"ಮತ್ತ ಅದನ್ನ ಕೇಳಾಕತ್ತಿ ನೋಡ," ಎಂದು ಅವ್ವ ಮುಂದಿನ ಉಂಡೆಗೆ ಕೈ ಹಾಕಿದಳು. "ಇಳಸಿದ್ದು ನೆನಪಿಲ್ಲ ನನಗ."